ಹುಳ ಸಾಯುತ್ತಿಲ್ಲ, ಹಣ್ಣಾಗಿದೆ

ಪ್ರಶ್ನೆ: ನಮ್ಮ ಮನೆ ಹೊನ್ನಾವರದ ಹತ್ತಿರ. ಅಂಗಳದ ನಂದಿಬಟ್ಟಲು ಗಿಡದಲ್ಲಿ ಆಗಾಗ ಬೆರಳುದಪ್ಪದ ಹಸಿರು ಹುಳ ಬರುತ್ತವೆ. ಹಿಂಭಾಗದಲ್ಲಿ ಹಳದಿ ಕೊಂಬು, ತಲೆಯ ಹತ್ತಿರ ಎರಡು ನೀಲಿ ಕಣ್ಣು. ಆರನೇ ಕ್ಲಾಸಿನ ಮಗ ಅದನ್ನು ಸಾಕಿ ಚಿಟ್ಟೆ ಮಾಡಿಯೇ ನೋಡಬೇಕು ಅಂತ ಹಠ ಹಿಡಿದಿದ್ದಾನೆ. ಮೊದಲ ಸಲ ಗಾಜಿನ ಬಾಟಲಿಯಲ್ಲಿ ಇಟ್ಟೆವು, ಕಪ್ಪಾಗಿ ಕೊಳೆಯಿತು. ಎರಡನೇ ಸಲ ಕೋಶ ಕಟ್ಟಿತು, ಆದರೆ ಡಬ್ಬಿಯಲ್ಲಿ ಕಂಡದ್ದು ನೊಣ! ಈಗ ಮೂರನೆಯದು. ನಿನ್ನೆವರೆಗೆ ಗಬಗಬ ತಿನ್ನುತ್ತಿತ್ತು. ಇವತ್ತು ಬೆನ್ನು ಕಂದಾಗಿದೆ, ಎಲೆ ಮುಟ್ಟುತ್ತಿಲ್ಲ, ಡಬ್ಬಿಯ ತುಂಬಾ ಓಡಾಡುತ್ತಿದೆ. ಸಾಯುತ್ತಿದೆಯಾ? ಆ ಕೊಂಬು ವಿಷವಾ? ಗಿಡ ಹಾಳಾಗುತ್ತದೆ, ಎಲ್ಲ ಕಿತ್ತೆಸೆಯಿರಿ ಅಂತ ಅತ್ತೆಯವರು ಹೇಳುತ್ತಿದ್ದಾರೆ.

ಉತ್ತರ: ಮೊದಲು ಒಂದು ಕೆಲಸ ಮಾಡಿ, ಉಳಿದದ್ದನ್ನು ಆಮೇಲೆ ಓದಿ. ಡಬ್ಬಿಯಲ್ಲಿರುವ ಹಸಿ ಎಲೆಯನ್ನೆಲ್ಲ ತೆಗೆಯಿರಿ. ತಳಕ್ಕೆ ಎರಡು ಬೆರಳಿನಷ್ಟು ಸಡಿಲ ಮಣ್ಣು ಅಥವಾ ತೆಂಗಿನ ನಾರಿನ ಪುಡಿ ಹಾಕಿ. ಮೇಲೆ ಒಂದು ಹಿಡಿ ದರಕು, ಅಂದರೆ ಒಣ ತರಗೆಲೆ, ಹರಡಿ. ಹಲಸಿನ ಎಲೆ ಆದರೆ ಇನ್ನೂ ಒಳ್ಳೆಯದು, ಒಣಗಿದಾಗ ಸುರುಟಿಕೊಂಡು ಅಡಿಯಲ್ಲಿ ಪೊಟರೆ ಬಿಡುತ್ತದೆ. ಹುಳವನ್ನು ಅದರ ಮೇಲೆ ಬಿಟ್ಟು, ಬಾಯಿಗೆ ಹಳೇ ಪಂಚೆಯ ತುಂಡು ಕಟ್ಟಿ, ಕತ್ತಲಿರುವ ಮೂಲೆಯಲ್ಲಿ ಇಡಿ. ಮಗನಿಗೆ ಐದು ದಿನ ಮುಟ್ಟಬೇಡ ಅಂತ ಹೇಳಿ. ಇದೇ ಕಷ್ಟದ ಕೆಲಸ, ಗೊತ್ತು.

ನಿಮ್ಮ ಹುಳ ಸಾಯುತ್ತಿಲ್ಲ. ರಾಮನಗರ, ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರಿಗೆ ಇದಕ್ಕೆ ಒಂದು ಚಂದದ ಮಾತಿದೆ: ಹುಳ ಹಣ್ಣಾಯಿತು ಅನ್ನುತ್ತಾರೆ. ತಿನ್ನುವುದು ನಿಂತಿತು, ಹೊಟ್ಟೆ ಖಾಲಿಯಾಯಿತು, ಇನ್ನು ಗೂಡು ಕಟ್ಟಲು ಜಾಗ ಬೇಕು ಅಂತ ಅರ್ಥ. ರೇಷ್ಮೆ ಹುಳವೂ ಪತಂಗದ ಮರಿಯೇ ತಾನೇ. ಅದು ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟೆ ಹುಡುಕುತ್ತದೆ, ನಿಮ್ಮದು ನೆಲ ಹುಡುಕುತ್ತಿದೆ. ಗಿಡದಲ್ಲೇ ಇದ್ದಿದ್ದರೆ ಇಷ್ಟು ಹೊತ್ತಿಗೆ ಕೆಳಗಿಳಿದು, ಅಂಗಳ ದಾಟಿ, ಯಾವುದೋ ಬುಡದ ತರಗೆಲೆಯ ಅಡಿಗೆ ಸೇರಿರುತ್ತಿತ್ತು. ಹಸಿರು ಎಲೆಯ ಮೇಲೆ ಹಸಿರು ಮೈ ಸರಿ. ಕಂದು ನೆಲದ ಮೇಲೆ ಹೋಗುವಾಗ ಹಸಿರಾಗಿದ್ದರೆ ಮಡಿವಾಳ ಹಕ್ಕಿ ಬಿಡುತ್ತದಾ? ಅದಕ್ಕೇ ಬೆನ್ನು ಕಂದಾಗುವುದು. ಡಬ್ಬಿಯ ತಳದಲ್ಲಿ ಹಿಕ್ಕೆ ಇದ್ದಕ್ಕಿದ್ದಂತೆ ನೀರುನೀರಾಗಿದ್ದರೆ ಅದಕ್ಕೂ ಹೆದರಬೇಡಿ. ಕೊನೆಯ ಸಲ ಹೊಟ್ಟೆ ಖಾಲಿ ಮಾಡಿಕೊಳ್ಳುವುದು ಹಾಗೇ.

ಕಾಯಿಲೆ ಬಿದ್ದ ಹುಳವೂ ಬಣ್ಣ ಬದಲಿಸುತ್ತದೆ, ನಿಜ. ಆದರೆ ಅದು ಜೋಲು ಬೀಳುತ್ತದೆ, ಮೈ ಮೆತ್ತಗಾಗುತ್ತದೆ, ವಾಸನೆ ಬರುತ್ತದೆ. ಕಂದಾಗಿಯೂ ಮೈ ಬಿಗಿಯಾಗಿದ್ದು, ಅವಸರದಲ್ಲಿ ಓಡಾಡುತ್ತಿದ್ದರೆ ಅದು ಆರೋಗ್ಯವಂತ ಹುಳ.

ಈಗ ಇದು ಯಾರು ಅಂತ ನೋಡೋಣ. ನಂದಿಬಟ್ಟಲು, ಹಳದಿ ಕೊಂಬು, ನೀಲಿ ಕಣ್ಣು, ಕೊನೆಗೆ ಕಂದು ಬೆನ್ನು. ಇಷ್ಟು ಸಾಕು. ಇಂಗ್ಲಿಷಿನವರು ಓಲಿಯಾಂಡರ್ ಹಾಕ್ ಮಾತ್ ಅನ್ನುವ ಪತಂಗದ ಮರಿ ಇದು. ವಿಜ್ಞಾನದ ಹೆಸರು ಡಾಫ್ನಿಸ್ ನೀರಿಯೈ. ಓಲಿಯಾಂಡರ್, ನೀರಿಯಂ ಎರಡೂ ನಮ್ಮ ಕಣಗಿಲೆಯೇ. 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಹೆಸರಿಟ್ಟದ್ದು ಆ ಗಿಡದ ಮೇಲೆ. ನಮ್ಮ ಕಡೆ ಇದು ಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪ ಮೂರನ್ನೂ ತಿನ್ನುತ್ತದೆ. ಮೂರೂ ಒಂದೇ ಕುಟುಂಬದ ಗಿಡಗಳು. ದನ ಬಾಯಿ ಹಾಕದ ಕಣಗಿಲೆಯನ್ನು ಈ ಹುಳ ತಿಂದು ಅರಗಿಸಿಕೊಳ್ಳುತ್ತದೆ. ಮತ್ತೆ, ಇದು ಚಿಟ್ಟೆ ಆಗುವುದಿಲ್ಲ. ಮಗನಿಗೆ ಈಗಲೇ ಹೇಳಿಬಿಡಿ. ಆದರೆ ನಿರಾಸೆ ಬೇಡ. ಹೊರಗೆ ಬರುವುದು ಹಸಿರು, ಗುಲಾಬಿ, ಬಿಳಿ ಬಣ್ಣಗಳ ಗೆರೆಪಟ್ಟೆಯ, ಜೆಟ್ ವಿಮಾನದ ಆಕಾರದ ಪತಂಗ. ರೆಕ್ಕೆ ಬಿಚ್ಚಿದರೆ ಆಚೆ ತುದಿಯಿಂದ ಈಚೆ ತುದಿಗೆ ಸುಮಾರು 10 ಸೆಂಟಿಮೀಟರ್. ನನ್ನ ಕಣ್ಣಿಗೆ ಎಷ್ಟೋ ಚಿಟ್ಟೆಗಳಿಗಿಂತ ಇದೇ ಚಂದ.

ಆ ನೀಲಿ ಕಣ್ಣು ಕಣ್ಣಲ್ಲ. ನಿಜವಾದ ಕಣ್ಣುಗಳು ತಲೆಯ ಪಕ್ಕದಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಗಳು. ಮುಂದಿನ ಸಲ ಹುಳ ಕಂಡಾಗ ಎಲೆಯನ್ನು ಹಗುರವಾಗಿ ತಟ್ಟಿ ನೋಡಿ. ತಲೆಯನ್ನು ಒಳಗೆಳೆದುಕೊಂಡು ಎದೆಭಾಗ ಉಬ್ಬಿಸುತ್ತದೆ. ಅಷ್ಟು ಹೊತ್ತು ಮಡಿಕೆಯಲ್ಲಿ ಅರ್ಧ ಮುಚ್ಚಿದ್ದ ಕಪ್ಪು ಅಂಚಿನ ನೀಲಿ ಬೊಟ್ಟು ಎರಡೂ ಒಮ್ಮೆಗೇ ತೆರೆದುಕೊಳ್ಳುತ್ತವೆ. ನಡುವೆ ಬಿಳಿ ಹೊಳಪು ಬೇರೆ. ಗೊತ್ತಿದ್ದೂ ನಾನು ಇವತ್ತಿಗೂ ಒಂದು ಕ್ಷಣ ಕೈ ಹಿಂದೆ ತೆಗೆಯುತ್ತೇನೆ. ಹಕ್ಕಿಗೆ ಹಾವಿನ ಮುಖ ಕಂಡಂತಾದರೆ ಆಶ್ಚರ್ಯವಿಲ್ಲ. ಕೊಂಬು ಮಾತ್ರ ಬರೀ ಪ್ರದರ್ಶನ. ಮೆತ್ತಗಿರುತ್ತದೆ, ಚುಚ್ಚುವುದಿಲ್ಲ, ಅದರಲ್ಲಿ ವಿಷ ಇಲ್ಲ. ಜಾಗ್ರತೆ ಬೇಕಾದದ್ದು ಗಿಡದ ಹಾಲಿನ ಬಗ್ಗೆ. ಕಣಗಿಲೆಯ ಎಲೆ, ಕಾಂಡ, ಹೂವು ಎಲ್ಲದರಲ್ಲೂ ಹೃದಯಕ್ಕೆ ಕೆಟ್ಟದ್ದು ಮಾಡುವ ವಿಷ ಇದೆ. ಎಲೆ ಕೊಯ್ದ ಮೇಲೆ ಮಗ ಸೋಪು ಹಾಕಿ ಕೈ ತೊಳೆಯಲಿ, ಕಣ್ಣು ಉಜ್ಜದಿರಲಿ.

ಮುಟ್ಟಬಾರದ ಹುಳ ಬೇರೆ ಇವೆ, ಅವನ್ನು ಅವನಿಗೆ ತೋರಿಸಿಕೊಡಿ. ನುಗ್ಗೆ ಮರದ ಕಾಂಡದಲ್ಲಿ ಗುಂಪಾಗಿ ಕೂರುವ ಕಂಬಳಿ ಹುಳ ನಿಮಗೆ ಗೊತ್ತೇ ಇದೆ. ತೆಂಗು, ಮಾವಿನ ಎಲೆಯ ಅಡಿಯಲ್ಲಿ ಬಸವನಹುಳದ ಹಾಗೆ ಅಂಟಿಕೊಂಡಿರುವ, ಮೈತುಂಬ ಮುಳ್ಳಿನ ಹಸಿರು ಹುಳ ಅದಕ್ಕಿಂತ ಕೆಟ್ಟದ್ದು. ತಾಗಿದರೆ ಬೆಂಕಿ ಇಟ್ಟ ಹಾಗೆ ಉರಿಯುತ್ತದೆ. ತಾಗಿದ ಜಾಗ ಉಜ್ಜಬೇಡಿ. ಸೆಲ್ಲೋಟೇಪ್ ಅಂಟಿಸಿ ಕಿತ್ತರೆ ರೋಮ ಬರುತ್ತದೆ, ಆಮೇಲೆ ಸೋಪುನೀರಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಮನೆಮದ್ದು ಬೇಡ, ಡಾಕ್ಟರ ಹತ್ತಿರ ಹೋಗಿ. ಈ ಜಾತಿಗಳನ್ನು ಮನೆಯಲ್ಲಿ ಸಾಕುವ ಉಸಾಬರಿ ಮಕ್ಕಳಿಗೆ ಬೇಡ.

ನಿಮ್ಮ ಮೊದಲ ಹುಳ ಯಾಕೆ ಕೊಳೆಯಿತು? ಮಳೆಗಾಲ ಅಲ್ವಾ? ನೀವು ಬರೆದಿಲ್ಲ, ಆದರೂ ಹೇಳುತ್ತೇನೆ, ಗಿಡದಿಂದ ಕಿತ್ತ ಎಲೆಯನ್ನು ನೀರಿನ ಹನಿ ಸಮೇತ ಬಾಟಲಿಗೆ ಹಾಕಿರುತ್ತೀರಿ. ಮುಚ್ಚಳಕ್ಕೆ ನಾಲ್ಕು ತೂತು ಮಾಡಿರುತ್ತೀರಿ. ನಮ್ಮ ಕರಾವಳಿಯಲ್ಲಿ ಆಷಾಢದಲ್ಲಿ ಹಪ್ಪಳದ ಡಬ್ಬಿಯೇ ಮೆತ್ತಗಾಗುತ್ತದೆ. ಇನ್ನು ಎಲೆಯ ಬೆವರು, ಹುಳದ ಹಿಕ್ಕೆ ಎರಡೂ ಸೇರಿದ ಬಾಟಲಿಯ ಗತಿ ಏನು? ರಾತ್ರಿ ಕಳೆಯುವುದರೊಳಗೆ ಬೂಸ್ಟು. ಹುಳಕ್ಕೆ ಬೇರೆ ನೀರು ಬೇಡವೇ ಬೇಡ, ಎಲೆಯಲ್ಲಿರುವುದೇ ಸಾಕು. ಎಲೆಯನ್ನು ಬಟ್ಟೆಯಲ್ಲಿ ಒರೆಸಿ ಕೊಡಿ. ಹಿಕ್ಕೆಯನ್ನು ದಿನಾ ತೆಗೆಯಿರಿ. ತಳಕ್ಕೆ ಹಳೇ ಪೇಪರ್ ಹಾಸಿದರೆ ಎತ್ತಿ ಕೊಡವಿದರೆ ಆಯಿತು. ಬಾಟಲಿಗಿಂತ ಅಗಲ ಬಾಯಿಯ ಪ್ಲಾಸ್ಟಿಕ್ ಬಕೆಟ್ ಒಳ್ಳೆಯದು. ಕೊಳೆತ ಹುಳ ಇದ್ದ ಡಬ್ಬಿಯನ್ನು ಸೋಪಿನಲ್ಲಿ ತೊಳೆದು ಬಿಸಿಲು ಕಾಣಿಸದೆ ಇನ್ನೊಂದನ್ನು ಅದರಲ್ಲಿ ಬಿಡಬೇಡಿ.

ಕೆಲವರು ಎಲೆ ಬಾಡಬಾರದು ಅಂತ ಗೆಲ್ಲನ್ನು ನೀರಿನ ಶೀಶೆಯಲ್ಲಿ ಇಡುತ್ತಾರೆ. ಉಪಾಯ ಸರಿ. ಆದರೆ ಶೀಶೆಯ ಬಾಯಿಗೆ ಹತ್ತಿ ತುರುಕಿ. ಇಲ್ಲದಿದ್ದರೆ ಹುಳ ಗೆಲ್ಲಿನ ಗುಂಟ ಕೆಳಗಿಳಿದು ನೀರಿಗೇ ಹೋಗಿ ಸಾಯುತ್ತದೆ. ತಿರುಗಿ ಬರಬೇಕು ಅನ್ನುವ ಬುದ್ಧಿ ಅದಕ್ಕಿಲ್ಲ.

ಇನ್ನೊಂದು ಮಾತು. ಹುಳ ಒಂದು ದಿನ ತಲೆ ತಗ್ಗಿಸಿ ಕಲ್ಲಿನ ಹಾಗೆ ಕೂತರೆ ಅದನ್ನು ಎಬ್ಬಿಸಬೇಡಿ. ರೇಷ್ಮೆಯವರು ಇದಕ್ಕೆ ಜ್ವರ ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಅದು ಕಾಯಿಲೆ ಅಲ್ಲ, ಪೊರೆ ಬಿಡುವ ಹೊತ್ತು. ಹಳೇ ಚರ್ಮ ಬಿಗಿಯಾಗಿದೆ, ಒಳಗೆ ಹೊಸದು ತಯಾರಾಗುತ್ತಿದೆ. ಆಗ ಕಿತ್ತು ಬೇರೆ ಎಲೆಗೆ ಹಾಕಿದರೆ ಹಿಡಿತ ತಪ್ಪಿ ಅರ್ಧ ಪೊರೆಯಲ್ಲೇ ಸಿಕ್ಕಿಬೀಳುತ್ತದೆ. ಹುಳವನ್ನು ಯಾವತ್ತೂ ಕೈಯಿಂದ ಎಳೆಯಬೇಡಿ, ಅದು ಕೂತ ಎಲೆಯನ್ನೇ ಕತ್ತರಿಸಿ ಸಾಗಿಸಿ.

ಈಗ ನೊಣದ ವಿಷಯ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಹುಳ ನೊಣವಾಗಿ ಬದಲಾಗಲಿಲ್ಲ. ನೀವು ಹಿಡಿದು ತರುವ ಮೊದಲೇ ಅದರ ಮೈಯಲ್ಲಿ ಇನ್ನೊಬ್ಬರ ಮಕ್ಕಳು ಸೇರಿಕೊಂಡಿದ್ದರು. ಟ್ಯಾಕಿನಿಡ್ ಅನ್ನುವ ನೊಣಗಳ ಕೆಲಸ ಅದು. ನೋಡಲು ಮನೆ ನೊಣದ ಹಾಗೇ, ಆದರೆ ಮೈಮೇಲೆ ಮುಳ್ಳಿನಂಥ ಗಡಸು ಕೂದಲು. ಕೆಲವು ಜಾತಿ ಹುಳದ ಮೈಮೇಲೆ ಬಿಳಿ ಮೊಟ್ಟೆ ಅಂಟಿಸುತ್ತವೆ. ಕೆಲವು ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮೊಟ್ಟೆ ಇಡುತ್ತವೆ, ಹುಳ ಎಲೆಯ ಜೊತೆ ಅದನ್ನೂ ನುಂಗುತ್ತದೆ. ಮರಿಗಳು ಒಳಗಿಂದ ತಿನ್ನುತ್ತಾ ಬೆಳೆಯುತ್ತವೆ. ಹುಳ ಮಾತ್ರ ಏನೂ ಆಗದ ಹಾಗೆ ತಿನ್ನುತ್ತಿರುತ್ತದೆ. ಆ ಹಳೇ ಡಬ್ಬಿ ಇನ್ನೂ ಇದ್ದರೆ ತಳದಲ್ಲಿ ಹುಡುಕಿ. ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪದ, ಕೆಂಪು ಕಂದಿನ ಮಾತ್ರೆಯಂಥ ಚಿಪ್ಪು ಸಿಗಬಹುದು. ನೊಣದ ಕೋಶ ಅದು. ಹುಳದ ಮೈಮೇಲೆಯೇ ಬಿಳಿ ಅಕ್ಕಿ ಅಂಟಿಸಿದ ಹಾಗೆ ಕಂಡರೆ ಅದು ಬೇರೆ ಕಳ್ಳರು, ಸಣ್ಣ ಕಣಜಗಳು. ಮೊಟ್ಟೆ ಅಂತ ತಿಳಿಯಬೇಡಿ, ಅವು ಕಣಜದ ಗೂಡುಗಳು.

ಇದರಿಂದ ತಪ್ಪಿಸಬೇಕಾದರೆ ದೊಡ್ಡ ಹುಳ ತರಬೇಡಿ, ಮೊಟ್ಟೆ ಅಥವಾ ಎಳೇ ಮರಿ ತನ್ನಿ. ಮೊಟ್ಟೆ ತಿಳಿ ಹಸಿರು, ಗುಂಡಗೆ, ಒಂದೂವರೆ ಮಿಲಿಮೀಟರ್. ಎಳೇ ಚಿಗುರಿನ ಎಲೆಯನ್ನು ತಿರುಗಿಸಿ ನೋಡಿ, ಒಂಟೊಂಟಿಯಾಗಿ ಇಟ್ಟಿರುತ್ತದೆ. ಅದರಿಂದ ಬರುವ ಮರಿ ಹಸಿರಲ್ಲ, ಹಳದಿ. ಹಿಂದೆ ಕೂದಲಿನಷ್ಟು ತೆಳ್ಳಗಿನ, ಮೈಗೆ ಹೋಲಿಸಿದರೆ ಅತಿ ಉದ್ದವೆನಿಸುವ ಕಪ್ಪು ಕೊಂಬು. ಇದು ಅದೇ ಹುಳ ಅಂದರೆ ಮೊದಲ ಸಲ ಯಾರೂ ನಂಬುವುದಿಲ್ಲ. ಮೊಟ್ಟೆಯೊಡೆಯಲು ಮೂರರಿಂದ ಐದು ದಿನ, ಹುಳವಾಗಿ ಎರಡು ಮೂರು ವಾರ, ಕೋಶದಲ್ಲಿ ಸುಮಾರು ಎರಡು ವಾರ. ಬಿಸಿಲ ಕಾಲದಲ್ಲಿ ಬೇಗ, ಚಳಿಯಲ್ಲಿ ನಿಧಾನ. ಡಬ್ಬಿಯೇ ಬೇಡ ಅನ್ನಿಸಿದರೆ ಗಿಡದ ಗೆಲ್ಲಿಗೇ ಹಳೇ ಸೊಳ್ಳೆಪರದೆಯ ಚೀಲ ಹೊಲಿದು ಕಟ್ಟಿ. ಗಾಳಿ ಬೆಳಕು ಇರುತ್ತದೆ, ನೊಣ, ಕಣಜ, ಹಕ್ಕಿ ಒಳಗೆ ಬರುವುದಿಲ್ಲ. ನಾನು ಈಗ ಹೀಗೇ ಮಾಡುವುದು. ಹಣ್ಣಾದ ದಿನ ಮಾತ್ರ ಇಳಿಸಿ ದರಕಿನ ಬಕೆಟ್ಟಿಗೆ ಹಾಕುತ್ತೇನೆ. ಬಕೆಟ್ ನೆಲದಲ್ಲಿ ಇಡುವುದಾದರೆ ಸುತ್ತ ಇರುವೆ ಇದೆಯೇ ನೋಡಿ. ನೀರು ತುಂಬಿದ ತಟ್ಟೆಯ ನಡುವೆ ಇಟ್ಟರೆ ನಿಶ್ಚಿಂತೆ.

ಇನ್ನು ಐದು ದಿನ ಬಿಟ್ಟು ದರಕನ್ನು ಮೆಲ್ಲಗೆ ಸರಿಸಿ ನೋಡಿ. ಎರಡು ಎಲೆಯನ್ನು ನಾಲ್ಕಾರು ನೂಲೆಳೆಯಿಂದ ಸೇರಿಸಿಕೊಂಡು ಒಳಗೆ ಕೋಶವಾಗಿರುತ್ತದೆ. ರೇಷ್ಮೆಯಂಥ ಗಟ್ಟಿ ಗೂಡನ್ನು ಹುಡುಕಬೇಡಿ, ಈ ಜಾತಿ ಅಷ್ಟು ನೂಲು ಖರ್ಚು ಮಾಡುವುದಿಲ್ಲ. ಹೊಸ ಕೋಶ ಮೆತ್ತಗೆ, ತಿಳಿ ಬಣ್ಣದಲ್ಲಿರುತ್ತದೆ. ಆಮೇಲೆ ಗಟ್ಟಿಯಾಗಿ ಕಂದಾಗುತ್ತದೆ. ಹೊಟ್ಟೆಯ ಕಡೆ ತಲೆಯಿಂದ ಕೆಳಕ್ಕೆ ಒಂದು ಕಪ್ಪು ಗೆರೆ, ಪಕ್ಕದಲ್ಲಿ ಸಾಲಾಗಿ ಕಪ್ಪು ಚುಕ್ಕೆ. ಚುಕ್ಕೆಗಳು ಉಸಿರಾಡುವ ತೂತುಗಳು, ಗೆರೆ ಇರುವ ಜಾಗದಲ್ಲಿ ಮುಂದಿನ ಪತಂಗದ ನಾಲಿಗೆ.

ಇಲ್ಲಿ ನನ್ನದೊಂದು ಪೆದ್ದುತನ ಹೇಳಬೇಕು. ಮೊದಲ ಸಲ ನನ್ನ ಕೈಯಲ್ಲಿ ಕೋಶ ಕೂಡಿಬಂದಾಗ ಚೆನ್ನಾಗಿ ಕಾಣಲಿ ಅಂತ ಅದನ್ನು ತೊಳೆದ ಗಾಜಿನ ಭರಣಿಗೆ ಹಾಕಿಟ್ಟಿದ್ದೆ. ಹನ್ನೆರಡನೇ ದಿನ ಕೋಶ ಕಪ್ಪಾಗಿ, ಸಿಪ್ಪೆಯೊಳಗಿಂದ ರೆಕ್ಕೆಯ ಗೆರೆ ಕಾಣುತ್ತಿತ್ತು. ಬೆಳಿಗ್ಗೆ ನೋಡೋಣ ಅಂತ ಮಲಗಿದೆ. ಬೆಳಿಗ್ಗೆ ಪತಂಗ ಭರಣಿಯ ತಳದಲ್ಲಿ ಕೂತಿತ್ತು, ರೆಕ್ಕೆ ಹಿಂಡಿದ ಬಟ್ಟೆಯ ಹಾಗೆ ಮುದುಡಿ ಒಣಗಿತ್ತು. ರಾತ್ರಿಯೆಲ್ಲ ಗಾಜು ಹತ್ತಲು ನೋಡಿ ಜಾರಿ ಬಿದ್ದಿದೆ. ಪತಂಗ ಹೊರಬರುವಾಗ ರೆಕ್ಕೆ ಉಗುರಿನಷ್ಟೇ ಇರುತ್ತದೆ, ಒದ್ದೆ, ಮೆತ್ತಗೆ. ಅದು ತಕ್ಷಣ ಎಲ್ಲಾದರೂ ಹತ್ತಿ ಜೋತು ಬೀಳಬೇಕು. ಮೈಯ ರಕ್ತವನ್ನು ರೆಕ್ಕೆಯ ನರಗಳಿಗೆ ತಳ್ಳಿ ತಳ್ಳಿ ಹಿಗ್ಗಿಸುತ್ತದೆ. ಸುಮಾರು ಅರ್ಧ ಗಂಟೆ ಅಷ್ಟೇ. ಆಮೇಲೆ ರೆಕ್ಕೆ ಹೇಗಿರುತ್ತದೋ ಹಾಗೇ ಗಟ್ಟಿಯಾಗಿಬಿಡುತ್ತದೆ, ಎರಡನೇ ಅವಕಾಶ ಇಲ್ಲ. ಹಾಗಾಗಿ ಬಕೆಟ್ಟಿನಲ್ಲಿ ಈಗಲೇ ಒಂದು ಒರಟು ಕಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ, ಒಳಗೋಡೆಗೆ ಗೋಣಿತಟ್ಟು ಇಳಿಬಿಡಿ. ಜೋತು ಬಿದ್ದ ಮೇಲೆ ಕೆಳಗೆ ಒಂದೆರಡು ಹನಿ ಕೆಂಪುಗಂದು ನೀರು ಬಿದ್ದರೆ ರಕ್ತ ಅಂದುಕೊಳ್ಳಬೇಡಿ, ಕೋಶದಲ್ಲಿದ್ದಾಗ ಕೂಡಿದ್ದ ಕಸ ಅದು.

ಕೋಶ ಕಪ್ಪಾದ ರಾತ್ರಿ ಮಗನನ್ನು ಎಚ್ಚರ ಇರಲು ಬಿಡಿ. ಮಾರನೇ ದಿನ ಶಾಲೆಗೆ ತೂಕಡಿಸಿಕೊಂಡು ಹೋದರೂ ತೊಂದರೆ ಇಲ್ಲ. ಟಾರ್ಚಿಗೆ ಕೆಂಪು ಬಣ್ಣದ ಪ್ಲಾಸ್ಟಿಕ್ ಸುತ್ತಿದರೆ ಪತಂಗಕ್ಕೆ ಕಿರಿಕಿರಿ ಕಮ್ಮಿ. ರೆಕ್ಕೆ ಒಣಗಿದ ಮೇಲೆ ಅದು ಹಾರುವ ಮೊದಲು ಚಳಿ ಹಿಡಿದ ಹಾಗೆ ಗಡಗಡ ನಡುಗುತ್ತದೆ. ಎಂಜಿನ್ ಬಿಸಿ ಮಾಡಿಕೊಳ್ಳುವುದು ಅದು. ಆಗ ಅಂಗಳದ ದೀಪ ಆರಿಸಿ, ಬಟ್ಟೆ ತೆಗೆಯಿರಿ. ಜೇನುತುಪ್ಪ, ಸಕ್ಕರೆ ನೀರು ಏನೂ ಇಡಬೇಡಿ. ಮಲ್ಲಿಗೆಯಂಥ ಪರಿಮಳದ ಹೂವನ್ನು ಅದು ಕತ್ತಲಲ್ಲಿ ತಾನೇ ಹುಡುಕಿಕೊಂಡು, ಗಾಳಿಯಲ್ಲೇ ನಿಂತು ಮಕರಂದ ಹೀರುತ್ತದೆ. ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ಕಡೆ ಜಗುಲಿಯ ದೀಪಕ್ಕೆ ಬರುವ ಆ ಅಂಗೈಯನ್ನೂ ಮೀರಿಸುವ ಅಟ್ಲಾಸ್ ಪತಂಗದ ಕತೆಯೇ ಬೇರೆ. ಅದಕ್ಕೆ ಕೆಲಸಕ್ಕೆ ಬರುವ ಬಾಯಿಯೇ ಇಲ್ಲ. ಹುಳವಾಗಿದ್ದಾಗ ತಿಂದ ಕೊಬ್ಬಿನ ಮೇಲೆ ವಾರದಷ್ಟು ದಿನ ಬದುಕಿ ಮುಗಿಸುತ್ತದೆ.

ಅತ್ತೆಯವರಿಗೆ ಏನು ಹೇಳುವುದು? ನಂದಿಬಟ್ಟಲು ಗಟ್ಟಿ ಗಿಡ. ಪೂರ್ತಿ ಬೋಳಾದರೂ ಮಳೆ ಇದ್ದರೆ ಮತ್ತೆ ಚಿಗುರುತ್ತದೆ. ಪೂಜೆಗೆ ಹೂ ಬೇಕು ಅನ್ನುವುದು ನ್ಯಾಯವೇ. ಹುಳ ಜಾಸ್ತಿ ಕಂಡರೆ ನಾಲ್ಕನ್ನು ಎಲೆ ಸಮೇತ ಹಿತ್ತಿಲ ಕಣಗಿಲೆಗೆ ದಾಟಿಸಿ. ಎಳೇ ಹುಳವಾದರೆ ಸುಲಭ, ಬಲಿತದ್ದು ಕೆಲವೊಮ್ಮೆ ಹೊಸ ಎಲೆಗೆ ಮೂತಿ ತಿರುಗಿಸುತ್ತದೆ. ಔಷಧಿ ಮಾತ್ರ ಹೊಡೆಯಬೇಡಿ. ಪತ್ರೊಡೆಗೆ ಅಂತ ಕೊಯ್ಯುವ ಕೆಸುವಿನಲ್ಲೂ ಇದೇ ಬಳಗದ ಹುಳ ಇರುತ್ತವೆ. ಕಪ್ಪು ಮೈ, ಪಕ್ಕದಲ್ಲಿ ಸಾಲಾಗಿ ಹಳದಿ, ಕೆಂಪು ಬೊಟ್ಟು. ನಡೆಯುವಾಗ ಕೊಂಬು ಹಿಂದೆ ಮುಂದೆ ಆಡುತ್ತದೆ. ಅತ್ತೆಯವರು ಅದನ್ನು ನಿಮಗಿಂತ ಮೊದಲೇ ನೋಡಿರುತ್ತಾರೆ, ಕೇಳಿ ನೋಡಿ.

ಮಗನ ಹಠಕ್ಕೆ ನಮ್ಮ ಜಿಲ್ಲೆಯಲ್ಲಿ ಹಳೇ ಪರಂಪರೆಯೇ ಇದೆ. ಟಿ. ಆರ್. ಬೆಲ್ ಅನ್ನುವ ಅರಣ್ಯ ಅಧಿಕಾರಿ ಕಾರವಾರದಲ್ಲಿ ಇದ್ದರು, ನಿವೃತ್ತಿಯಾದ ಮೇಲೂ ಅಲ್ಲೇ ಉಳಿದರು. ಜಿಲ್ಲೆಯ ಕಲೆಕ್ಟರ್ ಆಗಿದ್ದ ಡೇವಿಡ್ಸನ್, ಉಪ್ಪು ಮತ್ತು ಸುಂಕದ ಇಲಾಖೆಯ ಏಟ್ಕನ್ ಜೊತೆ ಸೇರಿ 1890ರ ದಶಕದಲ್ಲಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಬರೆದರು. ಆಮೇಲೆ 1937ರಲ್ಲಿ ಸ್ಕಾಟ್ ಅನ್ನುವವರ ಜೊತೆ ಬೆಲ್ ಬರೆದ ದಪ್ಪ ಪುಸ್ತಕ ಪೂರ್ತಿ ನಿಮ್ಮ ಹುಳದ ಬಳಗದ್ದೇ. ಸತ್ತ ಪತಂಗಕ್ಕೆ ಪಿನ್ ಚುಚ್ಚಿ ಹೆಸರು ಬರೆದಿಟ್ಟರೆ ಮುಗಿಯಿತು ಅನ್ನುವವರಲ್ಲ ಅವರು. ಹುಳ ತಂದು ಸಾಕಿದರು, ಯಾವ ಗಿಡ ತಿಂತು, ಯಾವ ಬಣ್ಣ ತಿರುಗಿತು, ಕೋಶ ಎಲ್ಲಿ ಕಟ್ಟಿತು ಅಂತ ನೋಡಿ ನೋಡಿ ಬರೆದರು. ಮಗನಿಗೂ ಒಂದು ಹಳೇ ನೋಟ್‌ಬುಕ್ ಕೊಡಿ. ತಾರೀಕು, ಗಿಡದ ಹೆಸರು, ಸ್ಕೇಲಿನಲ್ಲಿ ಅಳೆದ ಉದ್ದ, ಇಷ್ಟಾದರೂ ಬರೆಯಲಿ. ಗಿಡದ ಹೆಸರು ಮರೆತರೆ ಉಳಿದದ್ದು ಅರ್ಧಕ್ಕರ್ಧ ವ್ಯರ್ಥ.

ಮೂರು ವಾರ ಕಳೆದರೂ ಏನೂ ಬರಲಿಲ್ಲ ಅನ್ನಿ. ಕೋಶವನ್ನು ಎಸೆಯುವ ಮೊದಲು ಅಂಗೈಯಲ್ಲಿ ಇಟ್ಟು ನೋಡಿ. ಹಗುರಾಗಿ, ಒಳಗೆ ಗಲಗಲ ಅಂದರೆ ಹೋಗಿದೆ. ತೂಕ ಇದ್ದು, ಬೆರಳಿಂದ ಹಗುರವಾಗಿ ಮುಟ್ಟಿದಾಗ ಬಾಲದ ತುದಿ ಸರ್ರನೆ ಹೊರಳಿದರೆ ಒಳಗೆ ಜೀವ ಇದೆ. ತಿರುಗಿ ದರಕು ಮುಚ್ಚಿ ಇಟ್ಟುಬಿಡಿ.